ಗುಂಯ್‌ಗುಡುವ ಪೆಡಲ್

ಆಸ್ಪತ್ರೆಯ ಮೊದಲ ಮಹಡಿಯ ತುದಿಯಲ್ಲಿ, ಗೋಡೆಗಳಿಗೆಲ್ಲ ಸ್ಪಂಜು ಅಂಟಿಸಿದ ಒಂದು ಪುಟ್ಟ ಕೋಣೆಯಿದೆ. ಕಿವಿ ಕೇಳಿಸದವರನ್ನೂ, ಕೇಳಿಸುತ್ತದೆ ಎಂದು ಹಟ ಹಿಡಿಯುವವರನ್ನೂ ಅದರೊಳಗೆ ಕೂರಿಸಿ ಹೆಡ್‌ಫೋನ್ ಹಾಕುವುದು, ಗಾಜಿನ ಈಚೆ ಕೂತು ಒಂದೊಂದೇ ಬೀಪ್ ಕಳಿಸುವುದು, ಅವರು ಬೆರಳೆತ್ತಿದರೆ ಹಾಳೆಯ ಮೇಲೆ ಗುರುತು ಹಾಕುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದುದರಿಂದ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಬೀಪ್ ಮೇಡಂ.

ದಿನವಿಡೀ ಬೀಪ್ ಕೇಳಿದವಳಿಗೆ ಮನೆಯಲ್ಲಿ ಮೌನ ಬೇಕಿದ್ದೀತು ಎಂದು ಯಾರಾದರೂ ಅಂದುಕೊಳ್ಳಬಹುದು. ಬೀಪ್ ಮೇಡಂಗೆ ಬೇಕಿದ್ದದ್ದು ಎಲೆಕ್ಟ್ರಿಕ್ ಗಿಟಾರು. ಮೂವತ್ತೈದು ದಾಟಿದ ಮೇಲೆ ಕಲಿತದ್ದು, ಆದರೂ ಕೈ ಚೆನ್ನಾಗಿಯೇ ಕೂತಿತ್ತು. ಡ್ರಮ್ಸ್ ಬಾರಿಸುವ ಆಂಬುಲೆನ್ಸ್ ಡ್ರೈವರ್, ಹಾಡುವ ಔಷಧಿ ಕೌಂಟರಿನವನು ಮತ್ತು ಇವಳು ಸೇರಿ ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ನಾಲ್ಕು ಹಾಡು ನುಡಿಸುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಇನ್ನೂ ಮೂರು ತಿಂಗಳಿತ್ತು.

ಅವಳಿಗೆ ಬೇಕಾದ ಸದ್ದು ಬರೀ ಗಿಟಾರಿನಿಂದ ಹುಟ್ಟುವಂಥದ್ದಲ್ಲ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕಾಲಿನಿಂದ ಒತ್ತುವ ಒಂದು ಡಬ್ಬಿ ಇರಬೇಕು. ಒತ್ತಿದ ಕೂಡಲೇ ಅದು ಸ್ವರವನ್ನು ಬೇಕೆಂದೇ ಒಡೆದು ಗರಗರ ಅನ್ನಿಸಬೇಕು. ಅಂಗಡಿಯಲ್ಲಿ ಅಂಥ ಪೆಡಲುಗಳು ಸಿಗುತ್ತವೆ. ಆದರೆ ಕಿವಿಗೆ ಹಾಕುವ ಮಿಷನ್ನುಗಳನ್ನು ಬಿಚ್ಚಿ ಕಟ್ಟಿ ಪಳಗಿದ ಕೈ ಸುಮ್ಮನಿರಬೇಕಲ್ಲ! ಕಡ್ಲೆಕಾಳಿನಷ್ಟು ಜಾಗದಲ್ಲಿ ಬೆಸುಗೆ ಹಾಕುವವಳಿಗೆ ಅಂಗೈಯಗಲದ ಬೋರ್ಡು ಯಾವ ಮಹಾ ಎಂದುಕೊಂಡು, ಊಟದ ಕೋಣೆಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ತಾನೇ ಮಾಡಲು ಕೂತಳು.

ಎರಡು ವಾರಕ್ಕೆ ಪೆಡಲ್ ಸಿದ್ಧವಾಯಿತು. ಅಲ್ಯೂಮಿನಿಯಂ ಡಬ್ಬಿಗೆ ಬಣ್ಣ ಬಳಿದವನು ಅವಳ ಗಂಡ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಕಡುನೀಲಿ ಬಣ್ಣ, ಮೂರು ಕೋಟು, ಮೇಲೆ ವಾರ್ನಿಷ್ ಬೇರೆ. ಅವಳು ವೈರು ಚುಚ್ಚಿ, ಮನೆಯವರನ್ನೆಲ್ಲ ಕರೆದು, ಕಾಲಿನಿಂದ ಪೆಡಲ್ ಒತ್ತಿದಳು.

"ಮುಂದಿನ ಎರಡು ದಿನ ಒಣ ಹವೆ ಮುಂದುವರಿಯಲಿದೆ," ಎಂದಿತು ಪೆಡಲ್. ಹೆಂಗಸಿನ ದನಿ. ಅದರ ಹಿಂದೆ ಗುಂಯ್ ಅನ್ನುವ ಇನ್ನೊಂದು ಸದ್ದು.

ಅತ್ತೆಗೆ ಸಂತೋಷವಾಯಿತು. "ಪರವಾಗಿಲ್ವೇ, ರೇಡಿಯೋ ಮಾಡಿದೀಯಲ್ಲ!"

"ರೇಡಿಯೋ ಅಲ್ಲ ಅತ್ತೆ. ಗಿಟಾರ್ ಸೌಂಡನ್ನ ಒಡೆಯೋಕೆ ಮಾಡಿದ್ದು. ಈ ಬೇರೆ ಸದ್ದೆಲ್ಲ ಬರಬಾರದು."

"ಅಲ್ಲಾ, ಗರಗರ ಅನ್ಲಿ ಅಂತಾನೇ ಮಾಡಿದ ಡಬ್ಬಿ. ಅದು ಗುಂಯ್ ಅಂದ್ರೆ ಬೇಜಾರು ಯಾಕೆ?"

ಅದಕ್ಕೆ ಉತ್ತರವಿತ್ತು, ಆದರೆ ಉದ್ದ ಇತ್ತು. ತಾನು ಹುಟ್ಟಿಸಿದ ಗಲೀಜು ಬೇರೆ, ತಾನಾಗಿ ಬಂದು ಸೇರಿಕೊಂಡ ಗಲೀಜು ಬೇರೆ. ಅವಳು ಸುಮ್ಮನೆ ಸ್ಕ್ರೂಡ್ರೈವರ್ ತೆಗೆದುಕೊಂಡಳು.

ರೇಡಿಯೋದ ಕಥೆ ಬೇಗ ಮುಗಿಯಿತು. ಲೋಹದ ಡಬ್ಬಿ ಒಳಗಿನ ತಂತಿಗಳಿಗೆ ಕೊಡೆಯಿದ್ದ ಹಾಗೆ. ಹೊರಗಿನ ಅಲೆಗಳನ್ನು ಒಳಗೆ ಬಿಡುವುದಿಲ್ಲ. ಆದರೆ ಅದಕ್ಕೆ ಡಬ್ಬಿಯ ಮೈ ಒಳಗಿನ ಗ್ರೌಂಡ್ ತಂತಿಗೆ ತಾಗಿಕೊಂಡಿರಬೇಕು. ತೆರೆದು ನೋಡಿದರೆ ಡ್ರಾಯಿಂಗ್ ಮೇಷ್ಟ್ರು ಒಳಗೂ ಮೂರು ಕೋಟು ಬಳಿದಿದ್ದ. ಲೋಹಕ್ಕೂ ವೈರು ಚುಚ್ಚುವ ಜಾಕಿಗೂ ನಡುವೆ ಪ್ರೀತಿಯಿಂದ ಬಳಿದ ಕಡುನೀಲಿ ಗೋಡೆ.

"ಒಳಗೆ ಯಾಕ್ರೀ ಬಳಿದ್ರಿ?"

"ಯಾರೂ ನೋಡದ ಕಡೆ ಕೆಲಸ ನೀಟಾಗಿರಬೇಕು ಕಣೇ," ಎಂದ ಅವನು. ಅವಳು ಉಪ್ಪುಕಾಗದ ಹಾಕಿ ಉಜ್ಜುತ್ತಿದ್ದರೆ ತನ್ನದೇ ಚರ್ಮ ಸುಲಿಯುತ್ತಿದ್ದಾಳೇನೋ ಎನ್ನುವಂತೆ ಮುಖ ಮಾಡಿಕೊಂಡು ನಿಂತಿದ್ದ. ಲೋಹ ಹೊಳೆಯಿತು, ಜಾಕ್ ತಾಗಿತು, ಹವಾಮಾನದ ಹೆಂಗಸು ಹೋದಳು. ಅತ್ತೆ ಎರಡು ದಿನ ಅವಳನ್ನು ನೆನೆಸಿಕೊಂಡರು.

ಗುಂಯ್ ಮಾತ್ರ ಹೋಗಲಿಲ್ಲ.

ಇಲ್ಲಿ ಮಾವನ ವಿಷಯ ಹೇಳಬೇಕು. ಎಪ್ಪತ್ತೊಂದು ವರ್ಷದ ಅವರನ್ನು ಬೀದಿಯ ಜನ ಇವತ್ತಿಗೂ ಕರೆಯುವುದು ಕರೆಂಟ್ ಮೇಸ್ತ್ರಿ ಎಂದೇ. ಆ ಬೀದಿಯ ಮುಕ್ಕಾಲು ಪಾಲು ಮನೆಗಳಿಗೆ ತಂತಿ ಎಳೆದವರು ಅವರು. ಕೆಲಸದಲ್ಲಿ ಬಲು ಖಡಕ್ಕು. ಅದರಲ್ಲೂ ಅರ್ತ್ ವಿಷಯಕ್ಕೆ ಬಂದರೆ ಮುಲಾಜೇ ಇರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಲೋಹದ ತಗಡು ಹೂತು, ಅದರಿಂದ ಪ್ರತಿಯೊಂದು ಸಾಕೆಟ್ಟಿಗೂ ತಂತಿ ತಂದು ಕೂರಿಸಿದ ಮೇಲೇ ಮೇನ್ ಸ್ವಿಚ್ ಹಾಕಲು ಬಿಡುತ್ತಿದ್ದರು. ಬೇರೆ ಯಾರೋ ಅರ್ತ್ ಇಲ್ಲದೆ ಮಾಡಿದ ವೈರಿಂಗನ್ನು ಕಂಡು, "ಇಂಥ ಮನೇಲಿ ನಾನು ನೀರೂ ಕುಡಿಯಲ್ಲ" ಎಂದು ಕೊಟ್ಟ ಲೋಟ ಕೆಳಗಿಟ್ಟು ಬಂದ ಕಥೆಯನ್ನು ಅವರೇ ಎಷ್ಟೋ ಸಲ ಹೇಳಿದ್ದರು.

ಇಂಥ ಮಾವ ದಿನಾ ಸಂಜೆ ಕಾಫಿ ಲೋಟ ಹಿಡಿದು ಅವಳ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು.

"ಇನ್ನೂ ಗುಂಯ್ ಅಂತಿದೆಯಾ?"

"ಹೂಂ ಮಾವ."

"ಬೆಸುಗೆ ಸರಿಯಿಲ್ಲ. ಕರೆಂಟ್ ಇದೆಯಲ್ಲ, ಅದು ಹಾಳು ಕೆಲಸಾನ ಕ್ಷಮಿಸಲ್ಲಮ್ಮ."

ಅವಳು ನಲವತ್ತಮೂರು ಬೆಸುಗೆಗಳನ್ನೂ ಬಿಚ್ಚಿ ಮತ್ತೆ ಹಾಕಿದಳು. ಗುಂಯ್. ಒಳಗಿನ ತಂತಿ ತೆಗೆದು, ಮೇಲೆ ಲೋಹದ ಜಾಲರಿ ಸುತ್ತಿದ ತಂತಿ ಹಾಕಿದಳು. ಗುಂಯ್. ಟ್ಯೂಬ್‌ಲೈಟ್ ಆರಿಸಿದಳು, ಫ್ಯಾನ್ ನಿಲ್ಲಿಸಿದಳು, ಎಲ್ಲರ ಫೋನುಗಳನ್ನೂ ಕಿತ್ತುಕೊಂಡು ಮಹಡಿಯ ಮೇಲಿಟ್ಟು ಬಂದಳು. ಮನೆಯವರೆಲ್ಲ ಸೆಕೆಯಲ್ಲಿ, ಮಬ್ಬಿನಲ್ಲಿ, ಫೋನಿಲ್ಲದೆ ಕೂತು ಗುಂಯ್ ಕೇಳಿದರು. ಪೆಡಲಿನ ಅಡಾಪ್ಟರ್ ಕಿತ್ತು ಬ್ಯಾಟರಿ ಹಾಕಿದಳು, ಗೋಡೆಯ ಕರೆಂಟು ಆಂಪಿಗೆ ಮಾತ್ರ ಉಳಿಯಿತು. ಆಗಲೂ ಗುಂಯ್. ಗಿಟಾರಿನ ತಂತಿ ಮುಟ್ಟಿದರೆ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು.

ಬ್ಯಾಟರಿಯಲ್ಲೂ ನಿಲ್ಲದ ಸದ್ದು ಪೆಡಲಿನದಾಗಿರಲಾರದು ಎಂಬುದು ಅವಳಿಗೆ ಒಂದು ತಿಂಗಳು ತಡವಾಗಿ ಹೊಳೆಯಿತು. ಮಾರನೆಯ ದಿನ ಗಿಟಾರು, ಆಂಪ್, ಪೆಡಲ್ ಮೂರನ್ನೂ ಆಂಬುಲೆನ್ಸಿಗೆ ಹೇರಿಕೊಂಡು ಆಸ್ಪತ್ರೆಗೆ ಹೋದಳು. ಸ್ಟ್ರೆಚರಿನ ಮೇಲೆ ಆಂಪ್ ಮಲಗಿಸಿ ಬೆಲ್ಟ್ ಬಿಗಿದಿದ್ದ ಡ್ರೈವರ್. ಊಟದ ಹೊತ್ತಿನಲ್ಲಿ ಪೆಡಲನ್ನು ಬ್ಯಾಟರಿಯಲ್ಲೇ ಬಿಟ್ಟು, ಆಂಪನ್ನು ತನ್ನ ಕೋಣೆಯ ಸಾಕೆಟ್ಟಿಗೆ ಚುಚ್ಚಿ ಸ್ವಿಚ್ ಹಾಕಿದಳು.

ಏನೂ ಇಲ್ಲ.

"ಆನ್ ಆಗಿದೆಯಾ ಮೇಡಂ?" ಎಂದ ಡ್ರೈವರ್.

ಅವಳು ಒಂದು ತಂತಿ ಮೀಟಿದಳು. ಸ್ವರ ಒಡೆದು ಗರ್ರೆಂದು ಹೊರಟು, ಮೆಲ್ಲಗೆ ಇಳಿದು, ಪೂರ್ತಿ ಆರಿಹೋಯಿತು. ಆಮೇಲೆ ಮತ್ತೆ ಏನೂ ಇಲ್ಲ. ಡ್ರೈವರ್ ಚಪ್ಪಾಳೆ ತಟ್ಟಿದ. ಅವಳಿಗೆ ಸಂತೋಷಪಡಲು ಆಗಲಿಲ್ಲ. ಪೆಡಲ್ ಸರಿಯಿದೆ, ಗಿಟಾರು ಸರಿಯಿದೆ, ಆಂಪ್ ಸರಿಯಿದೆ. ಉಳಿದದ್ದು ಮನೆ. ಮನೆಗೆ ತಂತಿ ಎಳೆದವರು ಯಾರೆಂದು ಯೋಚಿಸುವ ಅಗತ್ಯವಿರಲಿಲ್ಲ.

ಭಾನುವಾರ ಬೆಳಗ್ಗೆ ಮಾವ ಕಟಿಂಗ್ ಮಾಡಿಸಿಕೊಳ್ಳಲು ಹೋದಾಗ ಅವಳು ಅವರ ಪೆಟ್ಟಿಗೆಯಿಂದ ಟೆಸ್ಟ್ ಬಲ್ಬ್ ತೆಗೆದಳು. ಹೋಲ್ಡರಿನಲ್ಲಿ ಒಂದು ಬಲ್ಬು, ಅದರಿಂದ ಎರಡು ವೈರು, ಅಷ್ಟೇ. ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ವೈರು ಕೊಟ್ಟರೆ ಬಲ್ಬು ಉರಿಯಿತು. ಒಂದನ್ನು ಕರೆಂಟ್ ಬರುವ ತೂತಿನಲ್ಲೇ ಬಿಟ್ಟು ಇನ್ನೊಂದನ್ನು ಮೇಲಿನ ದೊಡ್ಡ ತೂತಿಗೆ, ಅಂದರೆ ಗುಂಯ್‌ನಂಥ ಬೇಡದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ತ್‌ಗೆ, ಕೊಟ್ಟಳು. ಕತ್ತಲು. ಮುಂದಿನ ಕೋಣೆ, ಕತ್ತಲು. ಅಡುಗೆಮನೆ, ಬಚ್ಚಲಿನ ಪಕ್ಕ, ಮಹಡಿ, ಮನೆಯ ಏಳೂ ಸಾಕೆಟ್ಟಿನಲ್ಲಿ ಕತ್ತಲು.

"ಏಳಕ್ಕೆ ಏಳೂನಾ?" ಎಂದ ಗಂಡ.

"ಏಳಕ್ಕೆ ಏಳೂ."

"ಬಲ್ಬ್ ಹೋಗಿರಬಹುದು."

"ಈಗ ತಾನೇ ನಿಮ್ಮೆದುರಿಗೇ ಉರೀತಲ್ಲ?"

ಅವನು ಸಾಕೆಟ್ಟಿನ ಸ್ವಿಚ್ ಆರಿಸಿದ. "ಸರಿ, ಅಪ್ಪಂಗೆ ಹೇಳು."

"ನಾನಾ? ಅಪ್ಪ ನಿಮ್ಮವರು."

"ಪೆಡಲ್ ನಿಂದು," ಎಂದವನೇ ತಿದ್ದುವ ಡ್ರಾಯಿಂಗ್ ಹಾಳೆಗಳ ಕಟ್ಟು ಎತ್ತಿಕೊಂಡು ಮಹಡಿಗೆ ಹೋದ.

ಜನರಿಗೆ ಅಪ್ರಿಯವಾದದ್ದನ್ನು ಹೇಳುವ ರೀತಿ ಅವಳಿಗೆ ಕೆಲಸದಿಂದ ಬಂದಿತ್ತು. ಕಿವಿ ಹೋಗಿದೆ ಎಂದು ಆಸ್ಪತ್ರೆಯಲ್ಲಿ ಯಾರಿಗೂ ಹೇಳುವುದಿಲ್ಲ. ಕೆಲವು ಸದ್ದು ಸ್ವಲ್ಪ ಮೆತ್ತಗಿದೆ ಎನ್ನುತ್ತಾರೆ. ಮಾವ ಹೊಸ ಕಟಿಂಗಿನಲ್ಲಿ ಹೊಳೆಯುತ್ತ ಬಂದು ಕುರ್ಚಿಯಲ್ಲಿ ಕೂತಾಗ ಅವಳು ಕಾಫಿ ಕೊಟ್ಟು, ಅದೇ ದನಿಯಲ್ಲಿ ಶುರುಮಾಡಿದಳು.

"ಮಾವ, ನಮ್ಮನೆ ಅರ್ತ್ ಸ್ವಲ್ಪ ಮೆತ್ತಗಿರೋ ಹಾಗಿದೆ."

"ಮೆತ್ತಗಿರೋಕೆ ಅದೇನು ಹಾಸಿಗೆನಾ? ಅರ್ತ್ ಅಂದ್ರೆ ಇರುತ್ತೆ, ಇಲ್ಲಾಂದ್ರೆ ಇರಲ್ಲ."

"ಹಾಗಾದ್ರೆ ಇಲ್ಲ ಮಾವ."

ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಅವರ ಕಣ್ಣು ಮೇಜಿನ ಮೇಲಿದ್ದ ಟೆಸ್ಟ್ ಬಲ್ಬಿನ ಮೇಲೆ ಹೋಯಿತು.

"ನನ್ನ ಪೆಟ್ಟಿಗೆ ಯಾರು ಮುಟ್ಟಿದ್ದು?"

ಅಷ್ಟರಲ್ಲಿ ಅತ್ತೆ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹಿತ್ತಲ ಕಡೆ ಹೊರಟಿದ್ದವರು ಬಾಗಿಲಲ್ಲಿ ನಿಂತರು. "ಅರ್ತ್ ಇಲ್ದಿದ್ರೆ ಏನಾಗುತ್ತೆ?"

ಮೇಸ್ತ್ರಿ ಲೋಟದೊಳಗೆ ನೋಡಿದರು. ಕೊನೆಗೆ ಸೊಸೆಯೇ ಹೇಳಬೇಕಾಯಿತು. "ಕಬ್ಬಿಣದ ಮೈ ಇರೋ ಮಿಷನ್ ಮುಟ್ಟಿದಾಗ ಜುಂ ಅನ್ನಬಹುದು ಅತ್ತೆ. ಒಳಗೇನಾದ್ರೂ ಕೆಟ್ಟರೆ ಜೋರಾಗೇ ಹೊಡೀಬಹುದು."

"ಬಟ್ಟೆ ಒಗೆಯೋ ಮಿಷನ್ನಾ?"

"ಅದೂನೂ."

"ಫ್ರಿಜ್ಜು?"

"ಹೂಂ."

ಅತ್ತೆ ಬಕೆಟ್ ಕೆಳಗಿಟ್ಟರು. ಒದ್ದೆ ಕೈಯಲ್ಲಿ ಮಿಷನ್ ಮುಟ್ಟಿದರೆ ಜುಂ ಅನ್ನುತ್ತದೆ ಎಂದು ಅವರು ಗಂಡನಿಗೆ ಮೊದಲ ಸಲ ಹೇಳಿ ಎಷ್ಟೋ ವರ್ಷವಾಗಿತ್ತು. "ನಿಂದು ಸೂಕ್ಷ್ಮ ಶರೀರ. ರಬ್ಬರ್ ಚಪ್ಪಲಿ ಹಾಕ್ಕೊಂಡು ಒಗಿ" ಎಂದಿದ್ದರು ಮೇಸ್ತ್ರಿ. ಅಂದಿನಿಂದ ಅತ್ತೆ ಚಪ್ಪಲಿಯಿಲ್ಲದೆ ಬಚ್ಚಲಿನ ಕಡೆ ಹೋದವರಲ್ಲ. ಅಷ್ಟೇ ಅಲ್ಲ, ಮನೆಗೆ ಬಂದ ನೆಂಟರಿಗೆಲ್ಲ, "ನಂದು ಸೂಕ್ಷ್ಮ ಶರೀರ, ಕರೆಂಟೂ ತಡೆಯಲ್ಲ" ಎಂದು ಸ್ವಲ್ಪ ಬಿಗುಮಾನದಿಂದಲೇ ಹೇಳಿಕೊಂಡು ಬಂದಿದ್ದರು.

"ಹಾಗಾದ್ರೆ," ಎಂದರು ನಿಧಾನವಾಗಿ, "ನಂದು ಸೂಕ್ಷ್ಮ ಶರೀರ ಅಲ್ವಾ?"

ಮೇಸ್ತ್ರಿ ಲೋಟ ಕೆಳಗಿಟ್ಟರು. ಆಮೇಲೆ ನೆಲ ನೋಡಿಕೊಂಡೇ ಹೇಳಿದರು. ಮನೆ ಕಟ್ಟಿಸುವಾಗ ಗುಂಡಿ ತೋಡಲು ಶುರುಮಾಡಿದ್ದು ನಿಜ. ಎರಡಡಿಗೆ ಬಂಡೆ ಸಿಕ್ಕಿತು. ಅದೇ ವಾರ ಬೇರೆ ಮೂರು ಮನೆಗಳ ಗುಂಡಿ ಮುಗಿಸಿಕೊಡಬೇಕಿತ್ತು, ಅವರೆಲ್ಲ ಗಿರಾಕಿಗಳು, ಕಾಯುವವರಲ್ಲ. ಸ್ವಂತ ಮನೆ ತಾನೇ, ಮುಂದಿನ ವಾರ ತೋಡಿದರಾಯಿತು ಎಂದುಕೊಂಡರು. ಅಷ್ಟರಲ್ಲಿ ಗಾರೆಯವರು ಬಂದು ಗೋಡೆ ಮುಚ್ಚಿದರು. ಅರ್ತ್ ತಂತಿಯ ತುದಿ ಹಿತ್ತಲ ಗೋಡೆಯೊಳಗೆ ಸುರುಳಿ ಸುತ್ತಿಕೊಂಡು ಹಾಗೇ ಉಳಿಯಿತು.

"ಯಾವತ್ತಿನ ಮಾತಿದು?" ಎಂದರು ಅತ್ತೆ.

"ಇಪ್ಪತ್ತೆರಡು ವರ್ಷ ಆಯ್ತು."

ಅತ್ತೆ ಕೂಗಾಡುವುದಿರಲಿ, ದನಿಯನ್ನೂ ಏರಿಸಲಿಲ್ಲ. ಕಾಲಲ್ಲಿದ್ದ ರಬ್ಬರ್ ಚಪ್ಪಲಿ ಕಳಚಿ ಕಪಾಟಿನೊಳಗಿಟ್ಟು ಬೀಗ ಹಾಕಿದರು. ಬಕೆಟ್ ತಂದು ಗಂಡನ ಕುರ್ಚಿಯ ಮುಂದಿಟ್ಟರು.

"ಇನ್ಮೇಲೆ ಒಗೆಯೋದು ನಿಮ್ಮ ಕೆಲಸ. ಚಪ್ಪಲಿ ಹಾಕ್ಕೋಬೇಡಿ."

ಮೂರು ದಿನ ಮೇಸ್ತ್ರಿ ಬರಿಗಾಲಲ್ಲಿ ಬಟ್ಟೆ ಒಗೆದರು. ಬಚ್ಚಲಿನಿಂದ ಆಗಾಗ ಒಂದು ಸಣ್ಣ "ಹಾಂ" ಕೇಳಿಸುತ್ತಿತ್ತು. ಯಾರೂ ಏನಾಯಿತೆಂದು ಕೇಳಲಿಲ್ಲ. ನಾಲ್ಕನೆಯ ದಿನ ಅವರು ಹಾರೆ ಗುದ್ದಲಿ ಹಿಡಿದು, ಬಂಡೆಯಿಂದ ಹತ್ತಡಿ ದೂರದಲ್ಲಿ, ಹಿತ್ತಲ ಮಣ್ಣಿಗೆ ಮೊದಲ ಏಟು ಹಾಕಿದರು. ಒಂದಡಿ ಆಗುವಷ್ಟರಲ್ಲಿ ಉಸಿರು ಹತ್ತಿತು. ಡ್ರಾಯಿಂಗ್ ಮೇಷ್ಟ್ರು ಗುದ್ದಲಿ ಇಸಿದುಕೊಂಡ. ಬ್ರಷ್ ಹಿಡಿಯುವ ಕೈಗೆ ಅರ್ಧ ಗಂಟೆಗೆಲ್ಲ ಬೊಬ್ಬೆ ಎದ್ದಿತು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಟೈಲರ್ ಇಣುಕಿದ. ಅವನ ಮನೆಗೂ ಇವರೇ ತಂತಿ ಎಳೆದದ್ದು.

"ಏನ್ ಮೇಸ್ತ್ರಿಗಳೇ, ಗುಂಡಿ?"

"ಗಿಡ ನೆಡೋಣ ಅಂತ," ಎಂದರು ಮೇಸ್ತ್ರಿ.

"ಇಷ್ಟು ಆಳಾನಾ? ಯಾವ ಗಿಡ?"

"ಹೂವಿಂದು."

ಎರಡು ದಿನ ಬಿಟ್ಟು ಟೈಲರ್ ಮತ್ತೆ ಇಣುಕಿದಾಗ ಗುಂಡಿಯೊಳಗೆ ತಾಮ್ರದ ತಗಡು ನಿಂತಿತ್ತು, ಮೇಸ್ತ್ರಿ ಅದರ ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಸುರಿಯುತ್ತಿದ್ದರು. ಟೈಲರ್ ಬಹಳ ಹೊತ್ತು ನೋಡಿದ. "ಅಷ್ಟು ಉಪ್ಪು ಹಾಕಿದ್ರೆ ಹೂವಿನ ಗಿಡ ಬದುಕುತ್ತಾ ಮೇಸ್ತ್ರಿ?" ಎಂದು ತೀರಾ ಮುಗ್ಧನಾಗಿ ಕೇಳಿ ಒಳಗೆ ಹೋದ. ಸಂಜೆಯ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಗಿತ್ತು. ಮರುದಿನ ಮೂರು ಮನೆಯವರು ತಮ್ಮ ಮನೆಗಳಲ್ಲಿ ಅರ್ತ್ ಇದೆಯೋ ಇಲ್ಲವೋ ಒಮ್ಮೆ ನೋಡಿಬಿಡಿ ಎಂದು ಮೇಸ್ತ್ರಿಯನ್ನು ಕರೆದರು. ಅವರು ಟೆಸ್ಟ್ ಬಲ್ಬ್ ಹಿಡಿದು ತಲೆ ತಗ್ಗಿಸಿಕೊಂಡು ಹೋದರು. ಎಲ್ಲ ಮನೆಗಳಲ್ಲೂ ಬಲ್ಬು ಝಗ್ಗೆಂದು ಉರಿಯಿತು. ಬರುವಾಗ ತಲೆ ಸ್ವಲ್ಪ ಮೇಲೆದ್ದಿತ್ತು.

ಗೋಡೆ ಒಡೆದು, ಸುರುಳಿ ಬಿಚ್ಚಿ, ತಂತಿಯನ್ನು ತಗಡಿಗೆ ಸೇರಿಸಿದ ದಿನ ಸಂಜೆ ಎಲ್ಲರೂ ಅವಳ ಮೇಜಿನ ಸುತ್ತ ನೆರೆದರು. ಅತ್ತೆ ಮೊದಲು ಹೋಗಿ ಒದ್ದೆ ಕೈಯಲ್ಲಿ ಮಿಷನ್ ಮುಟ್ಟಿ ಬಂದರು. "ಏನೂ ಇಲ್ಲ" ಎಂದರು. ಹೇಳುವಾಗ ಏನೋ ಕಳೆದುಕೊಂಡವರ ಹಾಗಿತ್ತು ಮುಖ. ಆಮೇಲೆ ಸೊಸೆ ಪೆಡಲಿಗೆ ಹಳೆಯ ಅಡಾಪ್ಟರನ್ನೇ ಮತ್ತೆ ಚುಚ್ಚಿ ಒತ್ತಿದಳು.

ಗುಂಯ್ ಹೋಗಿತ್ತು. ಅದು ಹೋದ ಮೇಲೆ, ಅಷ್ಟು ದಿನ ಅದರ ಬೆನ್ನ ಹಿಂದೆ ಅಡಗಿದ್ದ ಇನ್ನೊಂದು ಸದ್ದು ಕೇಳಿಸಿತು. ಸೂಜಿಯಂಥ ಕೀಂ.

"ಇದೇನೋ ಬೇರೆ," ಎಂದ ಗಂಡ.

"ಇದು ಅಡಾಪ್ಟರಿಂದು. ಅಗ್ಗದ್ದು. ಬೇರೆ ಹಾಕಿದ್ರೆ ಹೋಗುತ್ತೆ."

"ಯಾವುದು?" ಎಂದರು ಮಾವ.

"ಈ ಕೀಂ ಅಂತಿರೋದು ಮಾವ."

"ಎಲ್ಲಿ? ಏನೂ ಇಲ್ಲ. ಕ್ಲೀನಾಗಿದೆ." ಅವರ ಮುಖ ಕೆಂಪಾಯಿತು. "ಇಷ್ಟು ಆಳ ಗುಂಡಿ ತೋಡಿದ ಮೇಲೂ ಸದ್ದಿದೆ ಅಂತೀರಲ್ಲ, ಎಲ್ಲ ಸೇರ್ಕೊಂಡು ನನ್ನ ಆಡಿಸ್ತಿದೀರಾ?"

"ನಂಗೂ ಕೇಳಿಸ್ತಿದೆ," ಎಂದರು ಅತ್ತೆ.

"ನಿಂಗೆ ಬಿಡು, ನಿಂದು ಸೂಕ್ಷ್ಮ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಕೀಂ ಇಲ್ಲವೆಂದು ಸಾಧಿಸಿ ತೋರಿಸಲಿಕ್ಕೇ ಅವರು ಮರುದಿನ ಇಸ್ತ್ರಿಯ ಶರ್ಟು ಹಾಕಿಕೊಂಡು ಆಸ್ಪತ್ರೆಗೆ ಬಂದರು. ಸ್ಪಂಜಿನ ಕೋಣೆಯಲ್ಲಿ ನೆಟ್ಟಗೆ ಕೂತು ಹೆಡ್‌ಫೋನ್ ಹಾಕಿಸಿಕೊಂಡರು. ದಪ್ಪ ಸ್ವರದ ಬೀಪ್‌ಗಳಿಗೆ ಬೆರಳು ತಟಕ್ಕನೆ ಎದ್ದಿತು. ನಡುವಿನವಕ್ಕೆ ಕೊಂಚ ತಡವಾಗಿ ಎದ್ದಿತು. ಅವಳು ಸ್ವರ ಏರಿಸಿದಳು. ಬೆರಳು ತೊಡೆಯ ಮೇಲೇ ಇತ್ತು. ಸದ್ದು ಜೋರು ಮಾಡಿದಳು. ಇನ್ನೂ ಜೋರು ಮಾಡಿದಳು. ಗಾಜಿನ ಆಚೆ ಮಾವ ಗದ್ದ ಎತ್ತಿ, ಈಗ ಬರುತ್ತದೆ ಈಗ ಬರುತ್ತದೆ ಎಂದು ಬೆರಳನ್ನು ಸಿದ್ಧವಾಗಿಟ್ಟುಕೊಂಡು ಕಾಯುತ್ತಿದ್ದರು. ಸಾವಿರಾರು ಜನ ಹಾಗೆ ಕೂತದ್ದನ್ನು ಅವಳು ನೋಡಿದ್ದಳು. ಅವತ್ತು ಮಾತ್ರ ಅದೇ ಬೀಪನ್ನು ಇನ್ನೊಂದು ಸಲ ಕಳಿಸಿದಳು.

ಹೊರಗೆ ಬಂದವರೇ ಹೇಳಿದರು. "ನಿನ್ನ ಮಿಷನ್ ಸರಿಯಿಲ್ಲಮ್ಮ. ಮಧ್ಯದಲ್ಲಿ ನಿಂತೇಹೋಗುತ್ತೆ."

"ಮಿಷನ್ ಸರಿಯಿದೆ ಮಾವ. ಕೆಲವು ಸದ್ದು ಸ್ವಲ್ಪ ಮೆತ್ತಗೆ..."

"ಮೆತ್ತಗೆ ಅನ್ನಬೇಡ. ಕೇಳಿಸುತ್ತೋ ಇಲ್ವೋ?"

"ಇಲ್ಲ."

ಅವರು ಹಾಳೆ ಇಸಿದುಕೊಂಡು, ಬಲಗಡೆಗೆ ಇಳಿದುಹೋಗಿದ್ದ ಗೆರೆಯನ್ನು ಬೆರಳಿಂದ ಸವರಿದರು. "ಎಷ್ಟು ವರ್ಷದಿಂದ?"

"ಏಳೆಂಟು ವರ್ಷ ಆಗಿರುತ್ತೆ."

"ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಟಿವಿಯ ಸದ್ದು ವರ್ಷದಿಂದ ವರ್ಷಕ್ಕೆ ಏರಿದ್ದು, ಬಾಗಿಲ ಬೆಲ್ಲಿಗೆ ಅವರು ಏಳದಿದ್ದದ್ದು, ಪ್ರೆಶರ್ ಕುಕ್ಕರ್ ಕೂಗಿಗೆ ತಲೆಯೆತ್ತದಿದ್ದದ್ದು, ಎಲ್ಲವನ್ನೂ ಅವಳು ಕಂಡಿದ್ದಳು. ಅವಳ ಕೆಲಸವೇ ಅದು.

"ಗೊತ್ತಿತ್ತು ಮಾವ."

"ಮತ್ತೆ?"

"ಮುಂದಿನ ವಾರ ಹೇಳಿದ್ರಾಯ್ತು ಅಂದ್ಕೊಂಡೆ."

ಮೇಸ್ತ್ರಿ ಅವಳ ಮುಖ ನೋಡಿದರು. ಭುಜ ಒಂದು ಸಲ ಅಲುಗಿತು, ಇನ್ನೊಂದು ಸಲ ಅಲುಗಿತು. ನಗುತ್ತಿದ್ದಾರೆಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊರಗೆ ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕು, ಕಣ್ಣೊರೆಸಿಕೊಂಡು, "ಸರಿಯಾದ ಮನೆಗೇ ಸೊಸೆಯಾಗಿ ಬಂದಿದೀಯ ಬಿಡು" ಎಂದರು.

ವಾರದೊಳಗೆ ಅವರ ಕಿವಿಗೆ ಮಿಷನ್ ಬಂತು, ಪೆಡಲಿಗೆ ಬೇರೆ ಅಡಾಪ್ಟರ್ ಬಂತು. ಒಗೆಯುವ ಕೆಲಸ ಮಾತ್ರ ಅತ್ತೆ ವಾಪಸ್ ತೆಗೆದುಕೊಳ್ಳಲಿಲ್ಲ.

ವಾರ್ಷಿಕೋತ್ಸವ ಮಧ್ಯಾಹ್ನ ಮೂರಕ್ಕೆ, ಹೊರರೋಗಿಗಳ ಹಾಲ್‌ನಲ್ಲಿ ನಡೆಯಿತು. ಅವಳು ಅಲ್ಲಿಯ ಸಾಕೆಟ್ಟನ್ನು ಬಲ್ಬು ಹಿಡಿದು ನೋಡಿದ ಮೇಲೇ ವೈರು ಚುಚ್ಚಿದಳು. ಹಾಡು ಶುರುವಾಗುವ ಮುಂಚೆ ಸ್ಪೀಕರಿನಿಂದ ಗುಂಯ್ ಇಲ್ಲ, ಕೀಂ ಇಲ್ಲ, ಹವಾಮಾನ ಇಲ್ಲ. ಡ್ರೈವರ್ ಕಡ್ಡಿಗಳನ್ನು ಒಂದಕ್ಕೊಂದು ನಾಲ್ಕು ಸಲ ತಟ್ಟಿದ, ಅವಳು ಪೆಡಲ್ ಒತ್ತಿದಳು. ಮೂರು ತಿಂಗಳು ಕಾದಿದ್ದ ಸ್ವರ ಒಡೆದು ಗರ್ರೆಂದು ಇಡೀ ಹಾಲ್ ತುಂಬಿತು. ನಾಲ್ಕು ಹಾಡೂ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದವು. ನರ್ಸುಗಳು ಶಿಳ್ಳೆ ಹಾಕಿದರು. ಎರಡನೆಯ ಸಾಲಿನಲ್ಲಿದ್ದ ಅತ್ತೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದರೂ ಕೊನೆತನಕ ಕದಲಲಿಲ್ಲ.

ಕೊನೆಗೆ ಆಸ್ಪತ್ರೆಯ ಮುಖ್ಯಸ್ಥರು ಮೈಕ್ ಹಿಡಿದು ವಂದನೆ ಹೇಳಿದರು. ಹಾಡಿದವರನ್ನು ಹೊಗಳಿದರು, ಬಾರಿಸಿದವರನ್ನು ಹೊಗಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಗಿಟಾರಿನ ಮಿಷನ್ನಿನಲ್ಲಿ ಏನೋ ದೋಷವಿದ್ದು ಸದ್ದು ಒಡೆದು ಕೇಳಿಸಿತು. ದಯವಿಟ್ಟು ಕ್ಷಮಿಸಬೇಕು. ಮುಂದಿನ ವರ್ಷದೊಳಗೆ ಖಂಡಿತ ಸರಿಪಡಿಸುತ್ತೇವೆ" ಎಂದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಸೋಮವಾರ ರಿಪೇರಿ ವಿಭಾಗದವನು ಫಾರಂ ಹಿಡಿದು ಅವಳ ಕೋಣೆಗೆ ಬಂದ. ಮೇಲಿನಿಂದ ಆರ್ಡರ್ ಆಗಿದೆಯಂತೆ, ಗಿಟಾರಿನ ಮಿಷನ್ ಎಲ್ಲಿದೆ ಎಂದ. ಅವಳು ಚೀಲದಿಂದ ನೀಲಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ, ಪೇಂಟ್ ಕೆಲಸ ಚೆನ್ನಾಗಿದೆ ಎಂದ.

"ತೊಂದರೆ ಏನಿತ್ತು ಮೇಡಂ?"

ಅವಳು ಹೇಳಲು ಬಾಯಿ ತೆರೆದಳು. ಹೊರಗೆ ಏಳು ಜನ ಕಾಯುತ್ತಿದ್ದರು.

"ಈಗ ಸರಿಹೋಗಿದೆ," ಎಂದಳು.

ಅವನು ಫಾರಂ ಮುಂದೆ ಚಾಚಿದ. ಅವಳು ಸಹಿ ಹಾಕಿ, ಮುಂದಿನವರನ್ನು ಒಳಗೆ ಕರೆದಳು.